ದುರ್ಗದಿಂದ ದುರ್ಗಕ್ಕೆ: ಮಾಗಡಿ ಸೀಮೆಯಲ್ಲಿ ಮೂರು ದಿನದ ಚಾರಣ

ಬೆಂಗಳೂರಿನ ಬಹುಪಾಲು ಚಾರಣಿಗರಿಗೆ ಸಾವನದುರ್ಗ ಎಂದರೆ ಭಾನುವಾರದ ಬೆಟ್ಟ. ನಸುಕಿಗೆ ಬೈಕ್ ಹತ್ತಿ, ಒಂಬತ್ತರ ಹೊತ್ತಿಗೆ ತುದಿಯಲ್ಲಿ ಸೆಲ್ಫಿ ತೆಗೆದು, ಇಳಿದು ಮಾಗಡಿಯಲ್ಲಿ ತಟ್ಟೆ ಇಡ್ಲಿ ತಿಂದು, ಮಧ್ಯಾಹ್ನದ ಊಟಕ್ಕೆ ಮನೆ ಸೇರಿದರೆ ಮುಗಿಯಿತು. ಬಂಡೆ ಹತ್ತಿದ ಹಾಗಾಯಿತು, ಕೋಟೆ ನೋಡಿದ ಹಾಗಾಗಲಿಲ್ಲ. ಈ ಸೀಮೆಯ ದುರ್ಗಗಳು ಒಂದನ್ನೊಂದು ನೋಡುತ್ತಾ ನಿಂತಿವೆ. ಮಂಜಿಲ್ಲದ ದಿನ ಹುತ್ರಿದುರ್ಗದ ನೆತ್ತಿಗೆ ಹೋದರೆ ಪೂರ್ವಕ್ಕೆ ಸಾವನದುರ್ಗ, ಬಡಗಣಕ್ಕೆ ಶಿವಗಂಗೆ ಕಣ್ಣಿಗೆ ಬೀಳುತ್ತವೆ. ನಡುವಿನ ಹಳ್ಳಿ, ಕೆರೆ, ಸಂತೆಯ ದಾರಿಗಳೆಲ್ಲ ಈ ಕಾವಲಿನೊಳಗೆ ಇದ್ದವು. ಅದು ಅರ್ಥವಾಗಬೇಕಾದರೆ ಒಂದು ದುರ್ಗದಿಂದ ಇನ್ನೊಂದಕ್ಕೆ ಹೋಗಬೇಕು, ಆದಷ್ಟೂ ನಡೆದು, ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು. ಅದಕ್ಕೆ ಮೂರು ದಿನ ಬೇಕು.

ಬೆಂಗಳೂರಿನ ಸುತ್ತ ನವದುರ್ಗಗಳೆಂದು ಒಂಬತ್ತು ಹೆಸರು ಹೇಳುವ ರೂಢಿ ಇದೆ: ಸಾವನದುರ್ಗ, ಹುತ್ರಿದುರ್ಗ, ಭೈರವದುರ್ಗ, ಹುಲಿಯೂರುದುರ್ಗ, ಕಬ್ಬಾಳದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ, ಮಾಕಳಿದುರ್ಗ, ನಂದಿದುರ್ಗ. ಒಂಬತ್ತನ್ನೂ ಒಂದೇ ಏಟಿಗೆ ಮುಗಿಸುತ್ತೇವೆಂದು ಹೊರಡುವವರಿದ್ದಾರೆ. ಅವರು ಹೆಚ್ಚಾಗಿ ನೋಡುವುದು ಹೆದ್ದಾರಿಯನ್ನು. ಈ ಲೇಖನ ಮೊದಲ ಮೂರಕ್ಕೆ ಮಾತ್ರ.

ಹೊರಡುವುದು ಎಲ್ಲಿಂದ

ಗುಡೇಮಾರನಹಳ್ಳಿಯಿಂದ. ಮಾಗಡಿ ಸೀಮೆಯ ಸೋಲೂರು ಕಡೆಯ ಈ ಊರು ಪ್ರವಾಸಿಗರ ಪಟ್ಟಿಯಲ್ಲಿ ಇರುವುದಿಲ್ಲ, ಇರಬೇಕಾದ ಕಾರಣವೂ ಇಲ್ಲ. ಆದರೆ ಇರುವ ಜಾಗ ಒಳ್ಳೆಯದು. ಬೆಂಗಳೂರಿನಿಂದ ಕುಣಿಗಲ್, ಹಾಸನದ ಕಡೆಗೆ ಹೋಗುವ ಹೆದ್ದಾರಿ ಹತ್ತಿರ, ಉತ್ತರಕ್ಕೆ ಶಿವಗಂಗೆ, ದಕ್ಷಿಣಕ್ಕೆ ಮಾಗಡಿ, ಕುದೂರೂ ದೂರವಲ್ಲ. ಕುಣಿಗಲ್ ಬಸ್ಸು ಹತ್ತುವಾಗ ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಮೊದಲೇ ಹೇಳಿ, ಎಕ್ಸ್‌ಪ್ರೆಸ್ ಬಸ್ಸುಗಳು ಎಲ್ಲ ಕಡೆ ನಿಲ್ಲುವುದಿಲ್ಲ. 2017ರಲ್ಲಿ ಶುರುವಾದ ಬೆಂಗಳೂರು–ಹಾಸನ ರೈಲು ಮಾರ್ಗ ಸೋಲೂರಿನ ಮೇಲೆ ಹಾದುಹೋಗುತ್ತದೆ, ಆದರೆ ಅಲ್ಲಿ ನಿಲ್ಲುವ ರೈಲು ಯಾವುದು ಎಂದು ನೋಡಿಕೊಂಡೇ ಟಿಕೆಟ್ ತೆಗೆಸಬೇಕು.

ಶನಿವಾರ ಹೊರಡಿ. ಶನಿವಾರ ಭೈರವದುರ್ಗ, ಭಾನುವಾರ ಹುತ್ರಿದುರ್ಗ, ಸೋಮವಾರ ಸಾವನದುರ್ಗ. ಹೀಗೆ ಇಟ್ಟುಕೊಂಡರೆ ಸಾವನದುರ್ಗದ ಭಾನುವಾರದ ಜಾತ್ರೆ ತಪ್ಪುತ್ತದೆ. ಇನ್ನೊಂದು ಲಾಭ, ಬಂಡೆ ಹತ್ತಿ ರೂಢಿಯಿಲ್ಲದ ಕಾಲುಗಳು ಎರಡು ದಿನದಲ್ಲಿ ಹದಕ್ಕೆ ಬಂದಿರುತ್ತವೆ. ಕಾಲ ಯಾವುದು ಎಂದರೆ ನವೆಂಬರಿನಿಂದ ಫೆಬ್ರವರಿ. ಅದರಲ್ಲೂ ಡಿಸೆಂಬರ್–ಜನವರಿ ಅವರೆಕಾಯಿ ಕಾಲ. ಮಾಗಡಿ ಅವರೆಯ ಸೊಗಡು ಬೆಂಗಳೂರಿನ ಮಾರುಕಟ್ಟೆಯಲ್ಲೂ ಗುರುತು ಸಿಗುವಂಥದ್ದು. ಹಳ್ಳಿಯ ಮನೆಯಲ್ಲಿ ರಾಗಿಮುದ್ದೆ ಜೊತೆ ಹಿತಕಿದಬೇಳೆ ಸಾರು ಸಿಕ್ಕಿತೆಂದರೆ ಮರುದಿನ ಬೆಳಿಗ್ಗೆ ಏಳುವುದೇ ಕಷ್ಟ. ಮಾರ್ಚ್ ದಾಟಿದರೆ ಹತ್ತು ಗಂಟೆಗೆಲ್ಲ ಬಂಡೆ ಕಾದು ಅಂಗೈ ಊರಲಾಗುವುದಿಲ್ಲ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಗೈಡ್ ಯಾಕೆ

ದಾರಿ ತಪ್ಪುತ್ತದೆಂದಷ್ಟೇ ಗೈಡ್ ಬೇಕು ಎಂದುಕೊಂಡವರು ಮೊಬೈಲ್ ನಕ್ಷೆ ಸಾಕು ಎನ್ನುತ್ತಾರೆ. ನಕ್ಷೆ ದಾರಿಯನ್ನೇನೋ ತೋರಿಸುತ್ತದೆ. ಯಾವ ಪೊದೆಯ ಹಿಂದೆ ದಿಡ್ಡಿ ಬಾಗಿಲಿದೆ, ಯಾವ ದೊಣೆಯ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ಬಂಡೆಯ ಸಂದಿಯಲ್ಲಿ ಈ ವರ್ಷ ಹೆಜ್ಜೇನು ಕಟ್ಟಿದೆ, ಇದನ್ನು ಹೇಳುವವರು ಅಲ್ಲಿ ಆಡು ಮೇಯಿಸುವವರು, ದೇವಸ್ಥಾನಕ್ಕೆ ನೀರು ಹೊರುವವರು.

ಸಾವನದುರ್ಗ ಮೀಸಲು ಅರಣ್ಯದೊಳಗಿದೆ. ಅಲ್ಲಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಪದ್ಧತಿ ತಂದು, ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಬುಕ್ ಮಾಡುವಾಗ ಗೈಡ್ ಸೇರಿದೆಯೇ, ಯಾವ ಹೊತ್ತಿಗೆ ಹತ್ತಲು ಬಿಡುತ್ತಾರೆ ಎಂಬುದನ್ನು ಓದಿಕೊಳ್ಳಿ, ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೈಯಲ್ಲಿರಲಿ. ಉಳಿದೆರಡು ದುರ್ಗಗಳಿಗೆ ಊರವರನ್ನೇ ಕೇಳಬೇಕು. ಹಿಂದಿನ ಸಂಜೆಯೇ ಹೋಗಿ ಮಾತಾಡಿ. ‘ಎಷ್ಟಾದರೂ ಕೊಡಿ ಸಾರ್’ ಎನ್ನುತ್ತಾರೆ, ಆ ಮಾತಿಗೆ ಒಪ್ಪಿ ಹೊರಡಬೇಡಿ. ಆ ದಿನ ಅವರ ಕೂಲಿ, ಕುರಿ ಎರಡೂ ತಪ್ಪುತ್ತವೆ. ಊರಿನ ಒಂದು ಆಳಿನ ದಿನಗೂಲಿಗಿಂತ ಕಡಿಮೆಯಾಗದಂತೆ ಮೊದಲೇ ಗೊತ್ತು ಮಾಡಿಕೊಂಡು, ಊಟ ನಿಮ್ಮ ಜೊತೆಗೇ ಎಂದು ಹೇಳಿಬಿಡಿ. ಬೆಟ್ಟದ ಮೇಲೆ ‘ಅಣ್ಣಾ, ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ’ ಎಂದು ಬಿಟ್ಟುಕೊಟ್ಟರೆ ಸಾಕು, ಪ್ರಶ್ನೆ ಕೇಳುವ ಮುಂಚೆಯೇ ಅರ್ಧ ಚರಿತ್ರೆ ಹೊರಗೆ ಬರುತ್ತದೆ. ಅದರಲ್ಲಿ ಸುರಂಗ, ನಿಧಿ, ಶ್ರೀರಂಗಪಟ್ಟಣಕ್ಕೆ ಹೋಗುವ ಗುಪ್ತದಾರಿ ಎಲ್ಲ ಇರುತ್ತವೆ. ಕೇಳಿಸಿಕೊಳ್ಳಿ, ನಂಬಲೇಬೇಕೆಂದಿಲ್ಲ.

ರಾತ್ರಿ ಬೆಟ್ಟದ ಮೇಲೆ ಡೇರೆ ಹಾಕುವ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅರಣ್ಯದಲ್ಲಿ ಅದಕ್ಕೆ ಅನುಮತಿಯಿಲ್ಲ. ಅನುಮತಿ ಕೇಳದ ಗುಡ್ಡಗಳಲ್ಲೂ ಚಿರತೆ, ಕರಡಿಗಳ ಓಡಾಟ ಇದ್ದದ್ದೇ. ಮಾಗಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಚಿರತೆಯ ಸುದ್ದಿ ಇಲ್ಲದ ವರ್ಷವಿಲ್ಲ. ಕತ್ತಲಾಗುವುದರೊಳಗೆ ಇಳಿದು, ಮೊದಲ ರಾತ್ರಿ ಕುದೂರಿನಲ್ಲಿ, ಎರಡನೇ ರಾತ್ರಿ ಮಾಗಡಿಯಲ್ಲಿ ತಂಗುವುದು ಅನುಕೂಲ. ಮಾಗಡಿಯಲ್ಲಿ ಲಾಡ್ಜುಗಳಿವೆ, ಕುದೂರಿನಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಮೊದಲ ದಿನ: ಭೈರವದುರ್ಗ

ಗುಡೇಮಾರನಹಳ್ಳಿಯಿಂದ ಕುದೂರಿನ ಕಡೆಗೆ ಹೊಲದ ಬದಿಯ ದಾರಿಯಲ್ಲಿ ನಡೆಯಬಹುದು, ಆಟೋ ಕೂಡ ಸಿಗುತ್ತದೆ. ಕುದೂರಿನ ಹತ್ತಿರ ಬಟ್ಟಬೋಳು ಬಂಡೆಯಾಗಿ ಎದ್ದು ನಿಂತಿರುವುದೇ ಭೈರವದುರ್ಗ. ಭೈರವೇಶ್ವರನ ಹೆಸರೇ ಬೆಟ್ಟಕ್ಕೂ ಬಂದಿದೆ. ಮೂರರಲ್ಲಿ ಇದು ಗಿಡ್ಡದು, ಜನವೂ ಕಡಿಮೆ. ಹಾಗೆಂದು ಸಲೀಸು ಎಂದುಕೊಳ್ಳಬೇಡಿ. ಕೆಲವು ಕಡೆ ಬಂಡೆ ಕಡಿದಾಗಿದೆ, ಕಂಬಿ ಗಿಂಬಿ ಏನೂ ಇಲ್ಲ.

ಕೋಟೆ ಓದುವ ಮೊದಲ ಪಾಠಕ್ಕೆ ಇದು ಸರಿಯಾದ ಜಾಗ. ಗೋಡೆಯನ್ನು ನೋಡುವ ಮೊದಲು ಕಾಲಡಿಯ ಬಂಡೆಯನ್ನು ನೋಡಿ. ಗೇಣಿಗೊಂದರಂತೆ ಸಾಲಾಗಿ ಕೊರೆದ ಚಿಕ್ಕ ಚಿಕ್ಕ ಕುಳಿಗಳು ಕಾಣುತ್ತವೆ. ಆ ಸಾಲಿಗೆ ಬೆಣೆ ಹೊಡೆದು ಬಂಡೆಯನ್ನು ಸೀಳುತ್ತಿದ್ದರು. ಅರ್ಧ ಕೊರೆದು ಬಿಟ್ಟ ಸಾಲುಗಳೂ ಇರುತ್ತವೆ, ಕಲ್ಲು ಬೇಕಾದ ಕಡೆ ಬಿರುಕು ಬಿಡದಿದ್ದರೆ ಕಲ್ಲುಕುಟಿಗರು ಮುಂದಿನ ಜಾಗಕ್ಕೆ ಹೋಗುತ್ತಿದ್ದರು. ಎಂದರೆ ಕೋಟೆಗೆ ಕಲ್ಲು ಎಲ್ಲಿಂದಲೋ ಬಂದದ್ದಲ್ಲ, ನೀವು ನಿಂತ ನೆಲವೇ ಗೋಡೆಯಾಗಿದೆ. ಬಂಡೆ ತಾನೇ ಕಡಿದಾಗಿರುವ ಕಡೆ ಗೋಡೆ ಕಟ್ಟುವ ಗೋಜಿಗೆ ಹೋಗಿಲ್ಲ. ಮನುಷ್ಯ ಹತ್ತಬಹುದಾದ ಕಡೆ ಮಾತ್ರ ಕಟ್ಟಿದ್ದಾರೆ. ಆದ್ದರಿಂದ ಗೋಡೆ ಎಲ್ಲಿದೆ ಎಂದು ನೋಡಿದರೆ ಹಳೆಯ ದಾರಿ ಎಲ್ಲಿತ್ತು ಎಂಬುದು ತಾನೇ ಗೊತ್ತಾಗುತ್ತದೆ.

ಎರಡನೇ ದಿನ: ಹುತ್ರಿದುರ್ಗ

ಹಾಳುಕೋಟೆ ನೋಡುವ ಆಸೆ ಇದ್ದವರಿಗೆ ಮೂರರಲ್ಲಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಹುತ್ರಿದುರ್ಗ. ಸಾವನದುರ್ಗದ ಹೆಸರು ದೊಡ್ಡದು, ಹುತ್ರಿದುರ್ಗದ ಕೋಟೆ ಹೆಚ್ಚು ಉಳಿದಿದೆ. ಇದು ಇರುವುದು ಕುಣಿಗಲ್ ತಾಲ್ಲೂಕಿನಲ್ಲಿ, ಅಂದರೆ ತುಮಕೂರು ಜಿಲ್ಲೆ. ಆದರೆ ಮಾಗಡಿಗೂ ಹತ್ತಿರ. ಸುಮಾರು 1,100 ಮೀಟರ್ ಎತ್ತರದ ಬೆಟ್ಟವನ್ನು ಸುತ್ತುವರಿದು ಒಂದರ ಮೇಲೊಂದು ಸುತ್ತು ಕೋಟೆ. ಊರವರು ಏಳು ಸುತ್ತು ಎನ್ನುತ್ತಾರೆ. ಎಣಿಸಿಕೊಂಡು ಹೋಗಿ, ಪೊದೆಯೊಳಗೆ ಮುಳುಗಿದ ಗೋಡೆಗಳಿಂದಾಗಿ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುತ್ತದೆ. ಕೆಂಪೇಗೌಡರ ಮನೆತನದ ಕಾಲದಲ್ಲಿ ಬಲಗೊಂಡ ಕೋಟೆ ಇದು.

ಊರು ಇರುವುದೇ ಕೋಟೆಯ ಮಡಿಲಲ್ಲಿ. ಸಂತೇಪೇಟೆ ಕಡೆಯಿಂದ ಮೇಲೆ ಹೊರಟರೆ ಮನೆ, ಹಿತ್ತಲು, ಹುಲ್ಲಿನ ಬಣವೆಗಳ ಪಕ್ಕದಲ್ಲೇ ಗೋಡೆ ಸಿಗುತ್ತದೆ. ಹೆಬ್ಬಾಗಿಲುಗಳ ಹತ್ತಿರ ಅವಸರ ಮಾಡಬೇಡಿ. ಬಾಗಿಲಿಗೆ ನೇರವಾಗಿ ನುಗ್ಗುವಂತೆ ದಾರಿ ಇಟ್ಟಿಲ್ಲ, ಒಳಗೆ ಬರುವವನು ತಿರುಗಲೇಬೇಕು. ತಿರುಗುವ ಕಡೆ ಮೇಲಿನ ಗೋಡೆ ಅವನ ನೆತ್ತಿಯ ಮೇಲಿರುತ್ತದೆ. ಆನೆ ಓಡಿ ಬಂದು ಬಾಗಿಲು ಗುದ್ದಲು ಬೇಕಾದಷ್ಟು ಜಾಗವೂ ಸಿಗದು. ಹೊಸ್ತಿಲ ಹತ್ತಿರ ಕೂತು ನೋಡಿದರೆ ಬಾಗಿಲಿನ ಕದ ತಿರುಗುತ್ತಿದ್ದ ಗುಂಡನೆಯ ಕುಳಿ, ಅಗಣಿ ತೂರಿಸುತ್ತಿದ್ದ ಚೌಕದ ತೂತು ಗೋಡೆಯಲ್ಲಿ ಈಗಲೂ ಕಾಣುತ್ತವೆ. ಅಗಣಿಯ ತೂತಿಗೆ ಕೈ ಹಾಕುವ ಮುಂಚೆ ಕೋಲು ಹಾಕಿ ನೋಡಿ, ಚೇಳಿಗೆ ಅದು ಇಷ್ಟವಾದ ಮನೆ.

ಮೇಲಕ್ಕೆ ಹೋದಂತೆ ಬಂಡೆಯಲ್ಲಿ ಕಡಿದ ಮೆಟ್ಟಿಲು, ನೀರಿನ ದೊಣೆಗಳು, ತುದಿಯಲ್ಲಿ ಶಂಕರೇಶ್ವರ ಗುಡಿ, ಎದುರಿಗೆ ನಂದಿ. ಬೆಟ್ಟದ ಮೇಲಿನ ಕೋಟೆಯ ಆಯುಸ್ಸು ನಿಲ್ಲುವುದು ನೀರಿನ ಮೇಲೆ. ಮಳೆ ನೀರು ಬಂಡೆಯ ಮೇಲೆ ಹರಿದು ದೊಣೆಗೆ ಬೀಳುವಂತೆ ಸಣ್ಣ ಕಾಲುವೆ ಕೊರೆದಿದ್ದಾರೆಯೇ ಎಂದು ಹುಡುಕಿ, ಹುಡುಕಿದರೆ ಸಿಗುತ್ತದೆ. ದೊಣೆಗಿಳಿದು ಈಜುವುದು ಮಾತ್ರ ಕೂಡದು. ಅಂಚು ಪಾಚಿಗಟ್ಟಿರುತ್ತದೆ, ಒಳಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಎಷ್ಟು ಆಳವೆಂದು ನೋಡಿದರೆ ತಿಳಿಯುವುದಿಲ್ಲ.

ಅಲ್ಲಲ್ಲಿ ಮೊನ್ನೆ ಮೊನ್ನೆ ಅಗೆದಂತಿರುವ ಗುಂಡಿಗಳು, ಬುಡಮೇಲಾದ ಕಲ್ಲುಗಳು ಕಾಣುತ್ತವೆ. ನಿಧಿಗಳ್ಳರ ಕೆಲಸ. ಇಂಗ್ಲಿಷರ ಫಿರಂಗಿಗಿಂತ ಈ ಹಾರೆ ಗುದ್ದಲಿಗಳಿಂದಲೇ ನಮ್ಮ ಕೋಟೆಗಳಿಗೆ ಹೆಚ್ಚು ಪೆಟ್ಟು ಬಿದ್ದಿದೆ ಎಂದು ನನಗನ್ನಿಸುತ್ತದೆ. ಹೊಸ ಅಗೆತ ಕಂಡರೆ ಫೋಟೋ ತೆಗೆದು ಠಾಣೆಗೆ ತಿಳಿಸಿ.

ಇಳಿದ ಮೇಲೆ ಮಾಗಡಿಗೆ ಬರುವಾಗ ಹೊತ್ತಿದ್ದರೆ ಕಲ್ಯಕ್ಕೆ ಹೋಗಿ ಬನ್ನಿ. ಈಗ ಸಣ್ಣ ಹಳ್ಳಿ, ಒಂದು ಕಾಲಕ್ಕೆ ಜೈನರ ದೊಡ್ಡ ನೆಲೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ವಿಜಯನಗರದ ಬುಕ್ಕರಾಯ ಇಬ್ಬರ ಕೈಯನ್ನೂ ಹಿಡಿಸಿ ರಾಜಿ ಮಾಡಿಸಿದ ಶಾಸನ ಶ್ರವಣಬೆಳಗೊಳದಲ್ಲಿದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ದೂರು ಕೊಟ್ಟವರ ಪಟ್ಟಿಯಲ್ಲಿ ಆನೆಗೊಂದಿ, ಪೆನುಗೊಂಡೆಗಳ ಜೊತೆಗೆ ಕಲ್ಲೇಹ ಎಂದು ಬರುವುದು ಈ ಕಲ್ಯವೇ, ಅದೇ ಒಪ್ಪಂದದ ಶಾಸನ ಇಲ್ಲೂ ಇದೆ.

ಮಾಗಡಿ, ಒಂದು ಸಂಜೆ

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. ಮುಂದಿನ ತೊಂಬತ್ತು ವರ್ಷ ಇದೇ ರಾಜಧಾನಿ, ಕಷ್ಟಕಾಲಕ್ಕೆ ಸಾವನದುರ್ಗ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಎರಡನ್ನೂ ಗೆದ್ದು ಕೊನೆಯ ಕೆಂಪವೀರಪ್ಪಗೌಡನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಊರೊಳಗಿನ ಕೋಟೆ, ಸೋಮೇಶ್ವರ ದೇವಾಲಯ, ತಿರುಮಲೆಯ ರಂಗನಾಥಸ್ವಾಮಿ ದೇವಸ್ಥಾನ ಇವಿಷ್ಟಕ್ಕೆ ಒಂದು ಸಂಜೆ ಸಾಲುತ್ತದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಇದೇ ತಾಲ್ಲೂಕಿನ ಕೆಂಪಾಪುರದಲ್ಲಿದೆ. ಅದು ಬೆಳಕಿಗೆ ಬಂದದ್ದು 2015ರಲ್ಲಿ, ಅವರು ತೀರಿಕೊಂಡು ನಾಲ್ಕೂವರೆ ಶತಮಾನದ ಹತ್ತಿರ ಬಂದ ಮೇಲೆ. ಸ್ವಂತ ವಾಹನವಿದ್ದರೆ ನೋಡಿ ಬರಬಹುದು, ನಡೆಯುವವರಿಗೆ ಸುತ್ತು ದಾರಿ.

ಮೂರನೇ ದಿನ: ಸಾವನದುರ್ಗ

1,226 ಮೀಟರ್. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರು. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಗಳು. ಸಾವಂದಿ ಎಂಬ ಹೆಸರು ಹೊಯ್ಸಳ ಮೂರನೇ ಬಲ್ಲಾಳನ ಕಾಲದ, 1340ರ ಮಾಡಬಾಳು ಶಾಸನದಲ್ಲೇ ಬರುತ್ತದೆ. ಅದಕ್ಕಿಂತ ಬಹಳ ಹಳೆಯ ಬೃಹತ್ ಶಿಲಾಯುಗದ ಗೋರಿಗಳು ಸುತ್ತಿನ ಪ್ರದೇಶದಲ್ಲಿ ಸಿಕ್ಕಿವೆ. ಕಲ್ಲಿನ ವಯಸ್ಸಂತೂ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ಇಂಗ್ಲಿಷರ ಕಾಲದ ರಾಮನಗರ.

ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರ. ಸಾಮಾನ್ಯವಾಗಿ ಜನ ಹತ್ತುವುದು ಕರಿಗುಡ್ಡವನ್ನು. ಬಿಳಿಗುಡ್ಡದ ಕಡೆ ಪೊದೆ ಜಾಸ್ತಿ, ದಾರಿ ಗೋಜಲು, ಗೈಡ್ ಒಪ್ಪದೆ ಆ ಕಡೆ ಕಾಲಿಡಬೇಡಿ. ಕೋಟೆಯ ಗೋಡೆ ದಾಟಿದ ಮೇಲೆ ತುದಿಯವರೆಗೂ ಬರೀ ಬಂಡೆ, ನೆರಳಿಲ್ಲ. ತುದಿಯಲ್ಲಿ ನಂದಿ ಮಂಟಪ. ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ, ಇಳಿಯಲು ಅಷ್ಟೇ.

1791ರ ಡಿಸೆಂಬರಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಇಲ್ಲಿಗೆ ಬಂತು. ಟಿಪ್ಪುವಿನ ಕೈಯಲ್ಲಿದ್ದ ಈ ದುರ್ಗವನ್ನು ಬೆನ್ನ ಹಿಂದೆ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರೆ ಬೆಂಗಳೂರಿನಿಂದ ಬರುವ ದವಸ, ಮದ್ದುಗುಂಡಿನ ಎತ್ತುಗಳಿಗೆ ದಾರಿ ಕ್ಷೇಮವಲ್ಲ ಎಂಬುದು ಅವನ ಲೆಕ್ಕ. ಸುತ್ತಲಿನ ಬಿದಿರು ಮೆಳೆ, ಕಾಡಿನ ನಡುವೆ ದಾರಿ ಕಡಿದು ಭಾರಿ ಫಿರಂಗಿಗಳನ್ನು ಎಳೆದು ತರುವುದಕ್ಕೇ ದಿನಗಳು ಹಿಡಿದವು. ಗೋಡೆ ಒಡೆದ ಮೇಲೆ, ಡಿಸೆಂಬರ್ 21ರಂದು, ಕೋಟೆ ಬಿದ್ದದ್ದು ಒಂದು ಗಂಟೆಯೊಳಗೆ. ಯಾರೂ ಗೆಲ್ಲಲಾರರು ಎಂದುಕೊಂಡಿದ್ದ ದುರ್ಗ ಅಷ್ಟು ಬೇಗ ಹೋದದ್ದಕ್ಕೆ ಉತ್ತರ ಅಲ್ಲಿಗೆ ಹೋದರೆ ಹೊಳೆಯುತ್ತದೆ: ಕೆಳಗಿನ ಗೋಡೆಯಲ್ಲಿ ಒಂದು ಕಂಡಿ ಬಿದ್ದರೆ ಅಲ್ಲಿಂದ ಓಡಿ ಮೇಲೆ ಸೇರಿಕೊಳ್ಳಲು ಕಾವಲಿನವರಿಗೂ ಅದೇ ಬೋಳು ಬಂಡೆ. ಹಿಂದೆಯೇ ಶತ್ರು. ಮೂರು ದಿನ ಬಿಟ್ಟು, 24ರಂದು, ಹುತ್ರಿದುರ್ಗವೂ ಬಿತ್ತು. ನೀವು ನಿನ್ನೆ ಕಂಡ ಆ ಹೆಬ್ಬಾಗಿಲುಗಳೇ. ಸೇನೆಯ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಈ ದುರ್ಗಗಳನ್ನು ಬರೆದುಕೊಂಡು ಹೋಗಿ 1794ರಲ್ಲಿ ಪುಸ್ತಕ ಮಾಡಿದ. ಅವನ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮೊಬೈಲಿಗೆ ಇಳಿಸಿಕೊಂಡು ಹೋದರೆ ಎಲ್ಲಿ ನಿಂತು ಬರೆದಿರಬಹುದು ಎಂದು ಹುಡುಕುವುದು ಒಳ್ಳೆಯ ಆಟ. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾಕ್ಕಾಗಿ ಡೇವಿಡ್ ಲೀನ್ ಬಂದದ್ದೂ ಈ ಬೆಟ್ಟಕ್ಕೇ.

ಇಲ್ಲಿ ಅವಘಡಗಳು ಹೆಚ್ಚಾಗಿ ಆಗುವುದು ಇಳಿಯುವಾಗ. ಕಾರಣ ಬಂಡೆಯ ಆಕಾರ. ಬೋರಲು ಹಾಕಿದ ಬಾಣಲೆಯಂತೆ ಉಬ್ಬಿಕೊಂಡಿರುವುದರಿಂದ ಮೇಲಿನಿಂದ ನೋಡುವವರಿಗೆ ಮುಂದಿನ ಹತ್ತಿಪ್ಪತ್ತು ಹೆಜ್ಜೆ ಮಾತ್ರ ಕಾಣುತ್ತದೆ, ಅದರಾಚೆ ನೇರ ಕಣಿವೆ ಇದ್ದರೂ ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ಒಂದೇ ಥರದ ಇಳಿಜಾರು. ಹತ್ತಿದ ದಾರಿಯಿಂದ ಸ್ವಲ್ಪ ಎಡಕ್ಕೋ ಬಲಕ್ಕೋ ಸರಿದು ಇಳಿಯಲು ಶುರುಮಾಡಿದವರು ಹೋದಂತೆಲ್ಲ ಕಡಿದಾಗಿ, ಕೊನೆಗೆ ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ಸಿಕ್ಕಿಕೊಳ್ಳುತ್ತಾರೆ. ಹತ್ತುವಾಗಲೇ ಆಗಾಗ ಹಿಂದಿರುಗಿ ನೋಡಿ ಗುರುತು ಇಟ್ಟುಕೊಳ್ಳಿ, ಬಂಡೆಯ ಮೇಲೆ ಬಣ್ಣದ ಬಾಣ ಕಾಣದಾದರೆ ಕಂಡಲ್ಲಿಗೆ ವಾಪಸು ಹತ್ತಿ. ಬಂಡೆಯ ಮೇಲೆ ಪದರು ಎದ್ದ ಕಡೆ ಹೆಜ್ಜೆ ಇಟ್ಟಾಗ ಟೊಳ್ಳು ಸದ್ದು ಬಂದರೆ ಭಾರ ಹಾಕಬೇಡಿ, ಹಾಳೆ ಒಡೆದು ಜಾರಬಹುದು. ಒಣಗಿದ ಗ್ರಾನೈಟ್ ಕಾಲನ್ನು ಚೆನ್ನಾಗಿ ಹಿಡಿಯುತ್ತದೆ, ನಾಲ್ಕು ಹನಿ ಮಳೆ ಬಿದ್ದರೆ ಕಪ್ಪು ಹಾವಸೆಯ ಪಟ್ಟೆಗಳು ಸೋಪು ಹಚ್ಚಿದಂತಾಗುತ್ತವೆ. ಮೋಡ ಕಂಡರೆ ಎಷ್ಟೇ ಹತ್ತಿರ ಬಂದಿದ್ದರೂ ತಿರುಗಿ ಇಳಿಯುವುದು ಸರಿ. ಈ ವಿಷಯದಲ್ಲಿ ಗೈಡ್ ಹೇಳಿದ್ದೇ ಕೊನೆಯ ಮಾತು.

ಚೀಲದಲ್ಲಿ ಏನಿರಬೇಕು

ತಲೆಗೆ ಮೂರು ಲೀಟರ್ ನೀರು, ಬೆಟ್ಟದ ಮೇಲೆ ಕುಡಿಯುವ ನೀರು ಸಿಗುತ್ತದೆಂದು ನಂಬಬೇಡಿ. ರಬ್ಬರ್ ಅಟ್ಟೆ ಸವೆಯದ ಬೂಟು, ಟೋಪಿ, ತುಂಬು ತೋಳಿನ ಅಂಗಿ, ಟಾರ್ಚು, ಸ್ವಲ್ಪ ಬೆಲ್ಲ ಅಥವಾ ಕಡಲೆಮಿಠಾಯಿ. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ. ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಕೂಗಾಡಬೇಡಿ. ಮೂರಕ್ಕೂ ಕಾರಣ ಹೆಜ್ಜೇನು. ಎದ್ದರೆ ಕೈ ಬೀಸದೆ ಮುಖ, ತಲೆ ಮುಚ್ಚಿಕೊಂಡು ದೂರ ಸರಿಯಬೇಕು, ಆದರೆ ಬಂಡೆಯ ಮೇಲೆ ಓಡಬಾರದು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕಾಲು ಅಲ್ಲಾಡಿಸದೆ ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಬೇಕು, 112ಕ್ಕೆ ಫೋನ್ ಮಾಡಬೇಕು. ಮಂಡಿನೋವು, ಎದೆನೋವಿನ ತೊಂದರೆ ಇರುವವರು, ಹತ್ತು ವರ್ಷದೊಳಗಿನ ಮಕ್ಕಳು ಹುತ್ರಿದುರ್ಗದ ಕೆಳಗಿನ ಹೆಬ್ಬಾಗಿಲುಗಳವರೆಗೆ ಹೋಗಿ ಬಂದರೂ ಹೋದದ್ದು ವ್ಯರ್ಥವಲ್ಲ.

ನಾಲ್ಕನೇ ದಿನ ಕೈಯಲ್ಲಿದ್ದರೆ ಶಿವಗಂಗೆ. ದಾಬಸ್‌ಪೇಟೆಯಿಂದ ಹತ್ತಿರ, ಗುಡೇಮಾರನಹಳ್ಳಿಗೂ ದೂರವಲ್ಲ. ಇಲ್ಲಿ ಗೈಡ್ ಬೇಕಿಲ್ಲ. ಮೆಟ್ಟಿಲು, ಕಂಬಿ, ಮಜ್ಜಿಗೆ ಮಾರುವವರು ಎಲ್ಲ ಇದ್ದಾರೆ. ಗಂಗಾಧರೇಶ್ವರ, ಹೊನ್ನಾದೇವಿ, ಒಳಕಲ್ಲು ತೀರ್ಥ, ತುದಿಯ ನಂದಿ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಈ ಬೆಟ್ಟದಲ್ಲಿ. ಸಂಕ್ರಾಂತಿಗೆ ಗಿರಿಜಾ ಕಲ್ಯಾಣ ನಡೆಯುತ್ತದೆ. ಆ ದಿನ ಬೆಟ್ಟ ನೋಡಬೇಕೆನ್ನುವವರು ಹೋಗಬಾರದು, ಜನರನ್ನು ನೋಡಬೇಕೆನ್ನುವವರು ತಪ್ಪಿಸಿಕೊಳ್ಳಬಾರದು.